ಟೊಮೆಟೊ ಸೊರಗು ರೋಗ: ಗಿಡಕ್ಕೆ ‘ಇಮ್ಯುನಿಟಿ’ ಕೊಡುವ ಔಷಧಿ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಚಿಂತಾಮಣಿ_ತೋಟ:
ಎಲ್ಲರಿಗೂ ನಮಸ್ಕಾರ. ಒಂದೂವರೆ ಎಕರೆ ಟೊಮೆಟೊ ಇದೆ. ಕೆಂಪು ಮಣ್ಣು, ಡ್ರಿಪ್, ಮಲ್ಚಿಂಗ್ ಎಲ್ಲಾ ಉಂಟು. ಕಾಯಿ ಕಚ್ಚುವ ಹೊತ್ತಿಗೆ ಗಿಡ ಸೊರಗಲು ಶುರುವಾಗಿದೆ. ಬೆಳಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ತಲೆ ಬಗ್ಗಿಸುತ್ತದೆ, ಸಂಜೆ ಮತ್ತೆ ಎದ್ದಂತೆ ಕಾಣುತ್ತದೆ. ಎರಡು ಮೂರು ದಿನ ಹೀಗೆ ಆಟ ಆಡಿಸಿ ಆಮೇಲೆ ಏಳುವುದೇ ಇಲ್ಲ. ಎಲೆ ಹಳದಿ ಆಗಿಲ್ಲ, ಹಸಿರಾಗಿದ್ದ ಹಾಗೇ ಸಾಯುತ್ತದೆ. ಒಂದೇ ಸಾಲಿನಲ್ಲಿ ಪಕ್ಕ ಪಕ್ಕದ ಗಿಡಗಳು ಹೋಗುತ್ತಿವೆ.

ಔಷಧಿ ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟರು. "ಇದು ಔಷಧಿ ಅಲ್ಲ, ಗಿಡಕ್ಕೆ ಇಮ್ಯುನಿಟಿ ಕೊಡುತ್ತದೆ, ಗಿಡವೇ ರೋಗದ ಜೊತೆ ಹೋರಾಡುತ್ತದೆ" ಅಂದರು. ಲೇಬಲ್ ಮೇಲೆ ಸಸ್ಯ ಸಾರ, ಅಮೈನೋ ಆಮ್ಲ ಅಂತ ಬರೆದಿದೆ, ಪ್ರಮಾಣ ಎಷ್ಟು ಅಂತ ಇಲ್ಲ. ಆ ದುಡ್ಡಿಗೆ ಎರಡು ಮೂಟೆ ಗೊಬ್ಬರ ಬರುತ್ತದೆ. ಯಾರಾದರೂ ಬಳಸಿದ್ದೀರಾ?

ರಾಗಿಮುದ್ದೆ77:
ನಮ್ಮ ಕಡೆಯೂ ಬಂದಿದೆ ಆ ಬಾಟಲಿ. ಕೊರೊನಾ ಬಂದು ಹೋದ ಮೇಲೆ ಎಲ್ಲದಕ್ಕೂ ಇಮ್ಯುನಿಟಿ. ಮುಂದಿನ ವರ್ಷ ಡ್ರಿಪ್ ಪೈಪಿಗೂ ಕೊಡುತ್ತಾರೆ ನೋಡುತ್ತಿರಿ.

ಬೇರು_ಬಂಧು:
ಅಣ್ಣ, ಬಾಟಲಿ ಆಮೇಲೆ. ಮೊದಲು ಇದು ಯಾವ ಸೊರಗು ಅಂತ ಗೊತ್ತಾಗಬೇಕು. ಖರ್ಚಿಲ್ಲದ ಪರೀಕ್ಷೆ ಇದೆ. ಈಗಷ್ಟೇ ಬಾಡಿದ ಒಂದು ಗಿಡ ಕಿತ್ತು, ಬುಡದ ಹತ್ತಿರ ಎರಡು ಮೂರು ಇಂಚು ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿ, ಕಾಂಡದ ಕೆಳ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಎಳೆ ಬರದೆ, ಕೆಳಗಿನ ಎಲೆ ಮೊದಲು ಹಳದಿ ಆಗಿದ್ದರೆ ಶಿಲೀಂಧ್ರದ ಸೊರಗು ಇರಬಹುದು. ಬೇರಿನಲ್ಲಿ ಗಂಟು ಇದೆಯಾ ಅಂತಲೂ ನೋಡಿ ಹೇಳಿ.

ಚಿಂತಾಮಣಿ_ತೋಟ:
ಮಾಡಿದೆ ಸರ್. ಎಳೆ ಬಂತು, ಅನುಮಾನವೇ ಇಲ್ಲ. ಲೋಟದ ನೀರೇ ಮಬ್ಬಾಯಿತು. ಕಾಂಡ ಸೀಳಿದರೆ ಒಳಗೆ ಕಂದು ಬಣ್ಣ. ಬೇರಿನಲ್ಲಿ ಗಂಟುಗಳೂ ಇವೆ, ಕಡಲೆಕಾಯಿ ಬೇರಿನ ಗಂಟಿಗಿಂತ ದಪ್ಪ.

ಬೇರು_ಬಂಧು:
ಹಾಗಾದರೆ ರಾಲ್‌ಸ್ಟೋನಿಯಾ. ಮಣ್ಣಿನಲ್ಲಿ ಇರುವ ದುಂಡಾಣು. ಬೇರಿನ ಗಾಯದಿಂದ ಒಳಗೆ ಹೋಗುತ್ತದೆ. ನಿಮ್ಮ ತೋಟದಲ್ಲಿ ಆ ಗಾಯ ಮಾಡುತ್ತಿರುವುದು ಗಂಟು ಬೇರಿನ ಜಂತುಹುಳ, ಅಂದರೆ ಮಣ್ಣಿನ ನೆಮಟೋಡ್. ಒಳಗೆ ಹೋದ ಮೇಲೆ ನೀರು ಏರುವ ನಾಳದಲ್ಲಿ ಬೆಳೆದು, ಅಂಟಿನಂಥ ವಸ್ತು ಬಿಟ್ಟು ನಾಳವನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ಬಾಡುವುದು ಅದಕ್ಕೇ. ನೆಲ ಬೆಚ್ಚಗಿದ್ದು ತೇವ ಇದ್ದರೆ, 30 ರಿಂದ 35 ಡಿಗ್ರಿ ಹತ್ತಿರ, ಇದರ ಓಟ ಜೋರು.

ಈ ಹಂತದಲ್ಲಿ ಯಾವ ಬಾಟಲಿಯೂ ಆ ಗಿಡ ಉಳಿಸಲ್ಲ. ದುಡ್ಡು ಜೇಬಿನಲ್ಲೇ ಇರಲಿ. ಬಾಡಿದ ಗಿಡವನ್ನು ಬೇರು ಸಮೇತ ಕಿತ್ತು ಹೊರಗೆ ಸುಟ್ಟುಹಾಕಿ, ಬದುವಿನ ಮೇಲೆ ಎಸೆಯಬೇಡಿ. ರೋಗ ಬೇರೆ ಸಾಲಿಗೆ ಹರಡದಂತೆ ಆ ಸಾಲಿನ ಕೆಲಸ ಕೊನೆಗೆ ಇಟ್ಟುಕೊಳ್ಳಿ.

ತಾರಸಿ_ಟೊಮೆಟೊ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಗಳೂರಿನಲ್ಲಿ ಕುಂಡದಲ್ಲಿ ಬೆಳೆಯುವವಳು. ಆಸ್ಪಿರಿನ್ ಮಾತ್ರೆ ನೀರಿಗೆ ಹಾಕಿ ಸಿಂಪಡಿಸಿದರೆ ಟೊಮೆಟೊಗೆ ರೋಗ ಬರಲ್ಲ ಅಂತ ವಿಡಿಯೋ ನೋಡಿದೆ. ಅದೂ ಇದೇ ಇಮ್ಯುನಿಟಿ ಕಥೆನಾ, ಅಥವಾ ಸುಮ್ನೆ ಗಾಳಿಮಾತಾ?

ಬೇರು_ಬಂಧು:
ಮೇಡಂ, ಅದು ಪೂರ್ತಿ ಗಾಳಿಮಾತಲ್ಲ. ಅಂಗಡಿ ಬಾಟಲಿಗಿಂತ ಅದರ ಹಿಂದಿನ ವಿಜ್ಞಾನವೇ ಗಟ್ಟಿ.

ಗಿಡದ ಒಂದು ಎಲೆಗೆ ರೋಗ ತಗುಲಿದಾಗ ಅಲ್ಲಿ ಸ್ಯಾಲಿಸಿಲಿಕ್ ಆಮ್ಲ ಜಾಸ್ತಿ ಆಗುತ್ತದೆ. ಆ ಎಲೆಯಿಂದ ಹೊರಟ ಸುದ್ದಿ ಬೇರೆ ಎಲೆಗಳಿಗೂ ಮುಟ್ಟುತ್ತದೆ. ಅಲ್ಲಿ ರೋಗ ಇನ್ನೂ ಬಂದಿರುವುದಿಲ್ಲ, ಆದರೂ ರಕ್ಷಣೆಯ ಪ್ರೋಟೀನುಗಳು ತಯಾರಾಗುತ್ತವೆ. 1961ರಲ್ಲೇ ಫ್ರಾಂಕ್ ರಾಸ್ ಎಂಬ ಅಮೆರಿಕದ ವಿಜ್ಞಾನಿ ತಂಬಾಕಿನ ಗಿಡದಲ್ಲಿ ಇದನ್ನು ತೋರಿಸಿದ್ದರು. ಕೆಳಗಿನ ಎಲೆಗೆ ಮೊಸಾಯಿಕ್ ವೈರಸ್ ಹಚ್ಚಿ, ಕೆಲವು ದಿನ ಬಿಟ್ಟು ಮೇಲಿನ ಎಲೆಗೆ ಹಚ್ಚಿದರೆ ಅಲ್ಲಿ ಚುಕ್ಕೆ ಕಡಿಮೆ, ಸಣ್ಣವು. ಆಸ್ಪಿರಿನ್ ಅಂದರೆ ಅದೇ ಸ್ಯಾಲಿಸಿಲಿಕ್ ಆಮ್ಲದ ಹತ್ತಿರದ ನೆಂಟ.

ಆದರೆ ಮೂರು ತಕರಾರು. ರೋಗ ಬರುವ ಮೊದಲೇ ಹೊಡೆದಿರಬೇಕು. ಪ್ರಮಾಣ ಸ್ವಲ್ಪ ಹೆಚ್ಚಾದರೂ ಎಲೆ ಸುಡುತ್ತದೆ. ಮತ್ತೆ ಮತ್ತೆ ಹೊಡೆದರೆ ಗಿಡ ತನ್ನ ಶಕ್ತಿಯನ್ನೆಲ್ಲ ಕಾವಲಿಗೆ ಸುರಿದು ಕಾಯಿ ಕಡಿಮೆ ಬಿಡುತ್ತದೆ.

ರಾಗಿಮುದ್ದೆ77:
ಅಂದರೆ ಇದು ಗಿಡಕ್ಕೆ ಲಸಿಕೆ ಇದ್ದ ಹಾಗೆ. ಅಲ್ವಾ?

ಬೇರು_ಬಂಧು:
ಅರ್ಧ ಸರಿ. ಮೊದಲೇ ಕೊಡಬೇಕು ಅನ್ನುವಷ್ಟಕ್ಕೆ ಲಸಿಕೆ. ಆದರೆ ಗಿಡಕ್ಕೆ ನಮ್ಮ ಹಾಗೆ ಪ್ರತಿಕಾಯಗಳಿಲ್ಲ, ಇಂಥದ್ದೇ ರೋಗಾಣು ಅಂತ ನೆನಪಿಟ್ಟುಕೊಳ್ಳುವ ರಕ್ತಕಣವೂ ಇಲ್ಲ. ಎಚ್ಚರ ಹಲವು ರೋಗಕ್ಕೆ ಒಂದೇ, ಅದೂ ಕೆಲವು ವಾರ. ಲಸಿಕೆ ಅಂತ ನಂಬಿ ಒಮ್ಮೆ ಹೊಡೆದು ಮಲಗಿದರೆ ಕೆಟ್ಟೆವು.

ಫ್ಲೋರಿಡಾ_ಗೌಡ:
ನಾನು ಮಂಡ್ಯ ಕಡೆಯವನು. ಈಗ ದಕ್ಷಿಣ ಫ್ಲೋರಿಡಾದಲ್ಲಿ, ಇಮ್ಮೋಕಲಿ ಹತ್ತಿರ ಟೊಮೆಟೊ ಫಾರಂ ಕೆಲಸ. ಇಲ್ಲಿ ಈ ವಿಷಯ ದಿನನಿತ್ಯದ್ದು, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿನ ದೊಡ್ಡ ತಲೆನೋವು ಸೊರಗು ಅಲ್ಲ, ದುಂಡಾಣು ಎಲೆ ಚುಕ್ಕೆ. ಕ್ಸಾಂಥೋಮೊನಾಸ್ ಅಂತ ಬೇರೆಯೇ ಜಾತಿ. ಬಿಸಿ, ಮಳೆ, ಮರಳು ಗಾಳಿ ಎಲ್ಲಾ ಸೇರಿದರೆ ವಾರದಲ್ಲಿ ಎಲೆ ಕಪ್ಪು ಚುಕ್ಕೆಯಾಗಿ ಉದುರಿ, ಕಾಯಿಗೆ ಬಿಸಿಲು ಬಡಿಯುತ್ತದೆ. ಹಿಂದೆ ಎಲ್ಲರೂ ತಾಮ್ರದ ಔಷಧಿ ಹೊಡೆಯುತ್ತಿದ್ದರು. ವರ್ಷಗಟ್ಟಲೆ ಹೊಡೆದು ಹೊಡೆದು ಈಗ ಇಲ್ಲಿನ ದುಂಡಾಣು ತಾಮ್ರಕ್ಕೆ ಜಗ್ಗುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯೋಟಿಕ್ ಕಥೆಯೂ ಅಷ್ಟೇ ಆಯಿತು.

ಆಮೇಲೆ ಬಂದಿದ್ದು ಅಸಿಬೆಂಜೊಲಾರ್ ಎಸ್ ಮಿಥೈಲ್. ಇಲ್ಲಿ ಆಕ್ಟಿಗಾರ್ಡ್ ಎಂಬ ಹೆಸರಲ್ಲಿ ಸಿಗುತ್ತದೆ. ಇದು ಸ್ಯಾಲಿಸಿಲಿಕ್ ಆಮ್ಲದ ಹಾಗೇ ನಟಿಸುವ ರಾಸಾಯನಿಕ, ದುಂಡಾಣುವನ್ನು ನೇರವಾಗಿ ಕೊಲ್ಲುವುದಿಲ್ಲ. ಆದ್ದರಿಂದ ತಾಮ್ರಕ್ಕೆ ಆದ ಹಾಗೆ ರೋಗಾಣು ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಎಲೆ ಚುಕ್ಕೆ ಕಡಿಮೆ ಆಗುವುದನ್ನು ನಾನೇ ನೋಡಿದ್ದೇನೆ. ಆದರೆ ತುಂಬಾ ಸಣ್ಣ ಪ್ರಮಾಣ, ಗಿಡ ಎಳೆಯದಿದ್ದಾಗಲೇ ಶುರು, ನೀರಿನ ಕೊರತೆಯಿಂದ ಬಾಡಿದ ಗಿಡಕ್ಕೆ ಹೊಡೆಯಲೇಬಾರದು. ಎಲೆ ಚುಕ್ಕೆ ಕಡಿಮೆ ಆದ ವರ್ಷವೂ ಇಳುವರಿ ಏರಿರುವುದಿಲ್ಲ, ಎಷ್ಟೋ ಸಲ. ಮಾಲೀಕರಿಗೆ ಅದೇ ಸಿಟ್ಟು.

ಚಿಂತಾಮಣಿ ಅಣ್ಣನ ಸಮಸ್ಯೆ ಬೇರಿನದು. ಎಲೆಗೆ ಹೊಡೆಯುವ ಔಷಧಿಯ ಮೇಲೆ ಅಲ್ಲಿ ನಾನಂತೂ ದುಡ್ಡು ಹಾಕುವುದಿಲ್ಲ.

ಹಳೇ_ಎತ್ತಿನಗಾಡಿ:
ಏನಪ್ಪಾ ಇದು, ಸ್ಟ್ರೆಪ್ಟೊ ಪುಡಿ ಆರು ಗ್ರಾಂ ಪ್ಯಾಕೆಟ್ ತಂದು ಬುಡಕ್ಕೆ ಸುರಿದರೆ ಆಗದಾ? ನಾವು ಮೊದಲಿಂದ ಹಾಗೇ ಮಾಡಿಕೊಂಡು ಬಂದವರು.

ಬೇರು_ಬಂಧು:
ಯಜಮಾನರೇ, ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ನಾಳದೊಳಗೆ ಕೂತ ದುಂಡಾಣುವಿಗೆ ಸಾಕಷ್ಟು ತಲುಪುವುದೂ ಇಲ್ಲ. ಅದರ ಮೇಲೆ, ಅದು ಮನುಷ್ಯರ ಕ್ಷಯಕ್ಕೆ ಕೊಡುವ ಔಷಧಿ. ತೋಟದಲ್ಲಿ ಸುರಿದು ರೋಗಾಣುಗಳನ್ನು ಒಗ್ಗಿಸುವುದು ಬೇಡ ಅಂತಲೇ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆ ನಿಲ್ಲಿಸುವ ಕರಡು ಆದೇಶ ತಂದಿತು.

ಹಳೇ_ಎತ್ತಿನಗಾಡಿ:
ಸರಿ ಬಿಡು. ಆದರೆ ನಿಮ್ಮ ಇಮ್ಯುನಿಟಿಗಿಂತ ನಮ್ಮ ರಾಗಿ ದೊಡ್ಡದು. ಟೊಮೆಟೊ ಆದ ಮೇಲೆ ಎರಡು ವರ್ಷ ರಾಗಿ, ಜೋಳ, ಅವರೆ ಹಾಕುತ್ತಿದ್ದೆವು. ಆಲೂಗೆಡ್ಡೆ, ಮೆಣಸಿನಕಾಯಿ, ಬದನೆ ಟೊಮೆಟೊ ಮನೆತನದವೇ, ಅವನ್ನು ಆ ಹೊಲಕ್ಕೆ ತರುತ್ತಿರಲಿಲ್ಲ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದೇ ದಾಟಿದ್ದು, ಎಲ್ಲರೂ ಟೊಮೆಟೊ ಮೇಲೆ ಟೊಮೆಟೊ. ನೆಲಕ್ಕೆ ಉಸಿರಾಡಲು ಬಿಡುವುದಿಲ್ಲ.

ಚಿಂತಾಮಣಿ_ತೋಟ:
ಯಜಮಾನರೇ, ನೀವು ಹೇಳುವುದು ಸರಿ. ಆದರೆ ಈ ಜಮೀನು ಗುತ್ತಿಗೆಗೆ ತಗೊಂಡಿದ್ದು. ಎಕರೆಗೆ ಇಷ್ಟು ಅಂತ ಕೊಟ್ಟು ರಾಗಿ ಹಾಕಿದರೆ ಗುತ್ತಿಗೆ ಹಣವೂ ಹುಟ್ಟುವುದಿಲ್ಲ. ಹಿಂದಿನವರು ಇದರಲ್ಲಿ ಕ್ಯಾಪ್ಸಿಕಂ ಬೆಳೆದಿದ್ದರಂತೆ, ಅದು ಈಗ ಗೊತ್ತಾಯಿತು.

ಹಳೇ_ಎತ್ತಿನಗಾಡಿ:
ಗುತ್ತಿಗೆ ಮಾತಾಡುವ ಮೊದಲು ಹಿಂದಿನ ಬೆಳೆ ಕೇಳಬೇಕಪ್ಪಾ. ಹೆಣ್ಣು ಕೇಳುವಾಗ ಮನೆತನ ಕೇಳುವುದಿಲ್ಲವೇ.

ಕರಾವಳಿ_ಗುಳ್ಳ:
ಉಡುಪಿಯಿಂದ ನಮಸ್ಕಾರ. ನಮ್ಮಲ್ಲಿ ಮಳೆ ಜಾಸ್ತಿ, ಮಣ್ಣು ಹುಳಿ. ಈ ರೋಗ ನಮಗೆ ಹೊಸತಲ್ಲ, ಬದನೆಯಲ್ಲೂ ಬರುತ್ತದೆ, ಶುಂಠಿಯಲ್ಲೂ ಇದೇ ಗುಂಪಿನ ದುಂಡಾಣು. ಮನೆ ಮಟ್ಟಿಗೆ ಟೊಮೆಟೊ ಬೇಕಾದರೆ ನಾನು ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಅನಘ ತಳಿ ಹಾಕುತ್ತೇನೆ. ಸೊರಗು ತಡೆಯಲೆಂದೇ ಮಾಡಿದ ತಳಿಗಳು. ಕಾಯಿ ನಿಮ್ಮ ಹೈಬ್ರಿಡ್ ಥರ ದೊಡ್ಡದಿಲ್ಲ, ದೂರದ ಲಾರಿಗೆ ಆಗಲಿಕ್ಕಿಲ್ಲ. ಸಾರಿಗೆ ಧಾರಾಳ ಸಾಕು.

ಗಿಡದ ಶಕ್ತಿ ಹೆಚ್ಚಿಸುವುದು ಅಂತ ಬಾಟಲಿ ಹುಡುಕುತ್ತೇವೆ. ಬೀಜದಲ್ಲೇ ಬರುವ ಶಕ್ತಿಯನ್ನು ಯಾರೂ ಕೇಳುವುದಿಲ್ಲ ಮಾರಾಯ್ರೆ.

ಸಸಿಮನೆ:
ಇದಕ್ಕೆ ನಾನು ಬರೆಯಲೇಬೇಕು, ನರ್ಸರಿ ಇಟ್ಟವನು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು ಇದೇ ಕೆಲಸಕ್ಕೆ ಇರುವುದು. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ, ಮೂರನ್ನೂ ತಡೆಯುತ್ತವೆ. ಅದಕ್ಕೂ ಹಿಂದೆ ಅರ್ಕಾ ಆಭಾ, ಅರ್ಕಾ ಆಲೋಕ್ ಇದ್ದವು, ಅವು ಸೊರಗಿಗೆ ಮಾತ್ರ. ರಕ್ಷಕ್ ಕಾಯಿ ಗಟ್ಟಿ, ಲಾರಿಗೂ ನಡೆಯುತ್ತದೆ. ಆದರೂ ಕೇಳುವವರು ಕಡಿಮೆ. ಮಂಡಿಯಲ್ಲಿ ಯಾವ ತಳಿ ಓಡುತ್ತದೋ ಅದೇ ಸಸಿ ಬೇಕು ಅನ್ನುತ್ತಾರೆ. ನಾನೂ ಅದನ್ನೇ ಬೆಳೆಸುತ್ತೇನೆ, ಹೊಟ್ಟೆಪಾಡು.

ಆ ತಳಿಯೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಕಸಿ. ಕೆಳಗೆ ಸೊರಗು ತಡೆಯುವ ಬದನೆಯ ಬೇರು, ಮೇಲೆ ನಿಮಗೆ ಬೇಕಾದ ಟೊಮೆಟೊ. ತೈವಾನಿನ ವಿಶ್ವ ತರಕಾರಿ ಕೇಂದ್ರದವರು ಇಜಿ 203 ಅನ್ನುವ ಬದನೆಯನ್ನು ಬೇರಿಗೆ ಶಿಫಾರಸು ಮಾಡುತ್ತಾರೆ. ಸೊರಗು ತಡೆಯುತ್ತದೆ, ನೀರು ನಿಂತರೂ ತಾಳುತ್ತದೆ. ಬದನೆಯ ನೆಂಟ ಕಾಡು ಸುಂಡೆ ಬೇರಿನ ಮೇಲೂ ಮಾಡುತ್ತಾರೆ, ಆದರೆ ಸುಂಡೆ ಬೀಜ ಮೊಳೆಯಲು ತುಂಬಾ ಸತಾಯಿಸುತ್ತದೆ.

ಚಿಂತಾಮಣಿ_ತೋಟ:
ಕಸಿ ಸಸಿ ಹೇಗೆ ಮಾಡುತ್ತೀರಿ? ಬೆಲೆ ಜಾಸ್ತಿ ಅಲ್ವಾ?

ಸಸಿಮನೆ:
ಜಾಸ್ತಿಯೇ, ಎರಡು ಬೀಜ, ಕೂಲಿ, ಕ್ಲಿಪ್ಪು ಎಲ್ಲಾ ಸೇರಬೇಕಲ್ಲ. ಬದನೆ ನಿಧಾನ, ಅದನ್ನು ಕೆಲವು ದಿನ ಮೊದಲೇ ಬಿತ್ತುತ್ತೇವೆ. ಎರಡರ ಕಾಂಡವೂ ಒಂದೇ ದಪ್ಪ, ಎರಡು ಮಿಲಿಮೀಟರ್ ಹತ್ತಿರ ಬಂದಾಗ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಸಣ್ಣ ರಬ್ಬರ್ ಕೊಳವೆಯಲ್ಲಿ ಜೋಡಿಸುತ್ತೇವೆ. ಆಮೇಲೆ ಮಬ್ಬು ಬೆಳಕಿನ, ತೇವ ತುಂಬಿದ ಪ್ಲಾಸ್ಟಿಕ್ ಗೂಡಿನಲ್ಲಿ ಸುಮಾರು ಒಂದು ವಾರ. ನಿಧಾನಕ್ಕೆ ಗಾಳಿ, ಬಿಸಿಲು ಅಭ್ಯಾಸ ಮಾಡಿಸಿ ಹೊರಗೆ ತರುತ್ತೇವೆ. ಬ್ಲೇಡು ಆಗಾಗ ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ನಾವೇ ರೋಗ ಹಂಚಿದ ಹಾಗೆ.

ತೋಟದಲ್ಲಿ ಜನ ಎಡವುವ ಜಾಗ ಒಂದಿದೆ. ಕಸಿ ಗಂಟು ಮಣ್ಣಿನ ಮೇಲೆಯೇ ಇರಬೇಕು. ನಮ್ಮವರಿಗೆ ಟೊಮೆಟೊ ಸಸಿಯನ್ನು ಆಳಕ್ಕೆ ನೆಟ್ಟು, ಬುಡಕ್ಕೆ ಮಣ್ಣು ಏರಿಸುವ ಅಭ್ಯಾಸ. ಗಂಟು ಮುಚ್ಚಿದರೆ ಮೇಲಿನ ಟೊಮೆಟೊ ಕಾಂಡ ತನ್ನದೇ ಬೇರು ಬಿಡುತ್ತದೆ. ದುಂಡಾಣು ಆ ಬೇರಿನಿಂದ ಒಳಗೆ ಹೋಗುತ್ತದೆ. ಆಮೇಲೆ ಕಸಿಗೆ ಬೈಯುತ್ತಾರೆ.

ತಾರಸಿ_ಟೊಮೆಟೊ:
ಕುಂಡದವರಿಗೆ ಏನಾದರೂ ಹೇಳಿ. ನನಗೆ ಸೊರಗು ಇಲ್ಲ, ಎಲೆ ಮೇಲೆ ಸಣ್ಣ ಕಪ್ಪು ಚುಕ್ಕೆ, ಸುತ್ತ ಹಳದಿ ಉಂಗುರ.

ಬೇರು_ಬಂಧು:
ಅದು ದುಂಡಾಣು ಚುಕ್ಕೆ ಇರಬಹುದು ಮೇಡಂ, ಬೀಜದಿಂದಲೇ ಬಂದಿರಬಹುದು. ಚುಕ್ಕೆ ಬಿದ್ದ ಎಲೆ ತೆಗೆಯಿರಿ, ಎಲೆ ಒದ್ದೆಯಾಗದಂತೆ ಬುಡಕ್ಕೆ ಮಾತ್ರ ನೀರು ಹಾಕಿ. ಮುಂದಿನ ಸಲ ನೀವೇ ಎತ್ತಿಟ್ಟ ಬೀಜ ಆದರೆ 50 ಡಿಗ್ರಿ ನೀರಿನಲ್ಲಿ 25 ನಿಮಿಷ ಇಟ್ಟು, ಒಣಗಿಸಿ ಬಿತ್ತಿ. ಥರ್ಮಾಮೀಟರ್ ಇಲ್ಲದೆ ಮಾಡಲು ಹೋಗಬೇಡಿ, ಬೀಜ ಬೆಂದುಹೋಗುತ್ತದೆ.

ಆಸ್ಪಿರಿನ್ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಗಿಡದಲ್ಲಿ ಎರಡು ಕಾವಲು ದಾರಿ. ದುಂಡಾಣುಗಳಿಗೆ ಹೆಚ್ಚಾಗಿ ಸ್ಯಾಲಿಸಿಲಿಕ್ ದಾರಿ, ಎಲೆ ತಿನ್ನುವ ಹುಳಗಳಿಗೆ ಜಾಸ್ಮೋನಿಕ್ ಅನ್ನುವ ಇನ್ನೊಂದು ಆಮ್ಲದ ದಾರಿ. ಒಂದು ಜೋರಾದರೆ ಇನ್ನೊಂದು ಬಹಳ ಸಲ ಕುಗ್ಗುತ್ತದೆ. ಟೊಮೆಟೊಗೆ ಸಣ್ಣ ಚುಕ್ಕೆ ರೋಗ ತರುವ ಸ್ಯೂಡೊಮೊನಾಸ್ ಸಿರಿಂಜೆ ಈ ಗುಟ್ಟು ತಿಳಿದ ಕಳ್ಳ. ಕೊರೊನಾಟಿನ್ ಅನ್ನುವ ವಿಷ ಮಾಡುತ್ತದೆ, ಅದು ಜಾಸ್ಮೋನಿಕ್ ವೇಷದ್ದು. ಗಿಡ ಹುಳ ಬಂತು ಅಂದುಕೊಂಡು ಆ ಕಡೆ ಓಡುತ್ತದೆ, ಸ್ಯಾಲಿಸಿಲಿಕ್ ಕಾವಲು ಸಡಿಲ ಆಗುತ್ತದೆ. ಮುಚ್ಚಿದ್ದ ಎಲೆ ರಂಧ್ರವೂ ತೆರೆದುಕೊಳ್ಳುತ್ತದೆ, ದುಂಡಾಣು ಒಳಗೆ. ಹಾಗೇ ನಾವು ಸ್ಯಾಲಿಸಿಲಿಕ್ ಕಡೆಗೆ ಜಾಸ್ತಿ ತಳ್ಳಿದರೆ ಹುಳಕ್ಕೆ ಅನುಕೂಲ ಆಗುವ ಸಂಭವವೂ ಇದೆ.

ರಾಗಿಮುದ್ದೆ77:
ಟೊಮೆಟೊ ಎಲೆ, ಕಾಯಿ ಕೊರೆಯುವ ಟೂಟಾ ಹುಳಕ್ಕೆ ನಾವೇ ಬಾಗಿಲು ತೆಗೆದ ಹಾಗೆ. ಚೆನ್ನಾಗಿದೆ.

ಚಿಂತಾಮಣಿ_ತೋಟ:
ಹಾಗಾದರೆ ಬೇರಿಗೆ ಶಕ್ತಿ ಕೊಡುವುದು ಅಂತ ಏನೂ ಇಲ್ಲವೇ? ತಳಿ, ಕಸಿ ಬಿಟ್ಟು. ಸ್ಯೂಡೊಮೊನಾಸ್ ಪುಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೀವು ಅದನ್ನು ಕಳ್ಳ ಅಂದಿರಿ.

ಬೇರು_ಬಂಧು:
ಮನೆತನ ಒಂದು, ಆಸಾಮಿ ಬೇರೆ. ಪುಡಿಯಲ್ಲಿ ಇರುವುದು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಒಳ್ಳೆಯದು. ಬೇರಿನ ಸುತ್ತ ಬೆಳೆದು ಜಾಗ ಹಿಡಿಯುತ್ತದೆ, ಕಬ್ಬಿಣಾಂಶ ಕಸಿದುಕೊಂಡು ರೋಗಾಣುವನ್ನು ಉಪವಾಸ ಕೆಡವುತ್ತದೆ. ಜೊತೆಗೆ ಬೇರಿನ ಮೂಲಕ ಇಡೀ ಗಿಡವನ್ನು ಎಚ್ಚರಿಸುತ್ತದೆ. ಈ ಎಚ್ಚರ ಹೆಚ್ಚಾಗಿ ಜಾಸ್ಮೋನಿಕ್ ದಾರಿಯದು, ಗಿಡ ಸದಾ ಕತ್ತಿ ಹಿಡಿದು ನಿಂತಿರುವುದಿಲ್ಲ, ರೋಗಾಣು ಮುಟ್ಟಿದಾಗ ಬೇಗ ಏಳುತ್ತದೆ. ಅದಕ್ಕೇ ಇಳುವರಿಗೆ ಪೆಟ್ಟು ಕಡಿಮೆ. ಬ್ಯಾಸಿಲಸ್ ಸಬ್ಟಿಲಿಸ್ ಕೂಡ ಹೀಗೇ.

ಆದರೆ ಜನ ಬಳಸುವ ರೀತಿ ನೋಡಿದರೆ ಬೇಸರ ಆಗುತ್ತದೆ. ಗಿಡ ಬಾಡಿದ ಮೇಲೆ ಡ್ರಿಪ್‌ನಲ್ಲಿ ಬಿಡುತ್ತಾರೆ. ಮರುದಿನ ತಾಮ್ರ ಸುರಿದು ಅದನ್ನೂ ಕೊಲ್ಲುತ್ತಾರೆ. ಅಂಗಡಿಯ ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪ್ಯಾಕೆಟ್ಟಿನಲ್ಲಿ ಜೀವ ಎಲ್ಲಿ ಉಳಿದಿರುತ್ತದೆ? ತಯಾರಾದ ದಿನಾಂಕ ನೋಡಿ ತನ್ನಿ. ಬಿತ್ತುವಾಗ ಕೆಜಿ ಬೀಜಕ್ಕೆ 10 ಗ್ರಾಂ, ಆಮೇಲೆ ಸಸಿ ಟ್ರೇಗೆ, ಆಮೇಲೆ ನಾಟಿ ಮಡಿಗೆ. ಮಡಿಗೆ ಹಾಕುವುದನ್ನು ನೇರ ಹಾಕಬೇಡಿ. ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಬೆರೆಸಿ, ಬೇವಿನ ಹಿಂಡಿಯನ್ನೂ ಸೇರಿಸಿ, ನೆರಳಿನಲ್ಲಿ ತೇವ ಕಾಪಾಡಿ ಹದಿನೈದು ದಿನ ಬಿಡಿ. ಆ ಗೊಬ್ಬರ ಹಾಕಿದರೆ ಜಂತುಹುಳದ ಮೇಲೂ ಕೆಲಸ ಮಾಡುತ್ತದೆ.

ಸಿಲಿಕಾನ್ ಬಗ್ಗೆಯೂ ಹೇಳುತ್ತೇನೆ. ಟೊಮೆಟೊ ಭತ್ತದ ಹಾಗೆ ಸಿಲಿಕಾನ್ ಹೀರುವ ಗಿಡವಲ್ಲ. ಆದರೂ ಬೇರಿಗೆ ಸಿಲಿಕಾನ್ ಕೊಟ್ಟ ಪ್ರಯೋಗಗಳಲ್ಲಿ ಸೊರಗು ಕಡಿಮೆ ಆಗಿದೆ. ಕ್ಯಾಲ್ಸಿಯಂ ಚೆನ್ನಾಗಿದ್ದ ಗಿಡವೂ ಹೆಚ್ಚು ತಡೆಯುತ್ತದೆ. ಯೂರಿಯಾ ಹೆಚ್ಚು ಕೊಟ್ಟು ಕೊಬ್ಬಿಸಿದ ಗಿಡ ಬೇಗ ಬೀಳುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಮಾತ್ರ ಸುಣ್ಣ.

ಹಳೇ_ಎತ್ತಿನಗಾಡಿ:
ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತ ಯಾಕೆ ಯಾರೂ ಹೇಳುತ್ತಿಲ್ಲ?

ಕರಾವಳಿ_ಗುಳ್ಳ:
ಮಣ್ಣಿಗೆ ಒಳ್ಳೆಯದು, ನಾನೂ ಹಾಕುತ್ತೇನೆ ಯಜಮಾನ್ರೆ. ಆದರೆ ಸೊರಗು ಬಂದ ಸಾಲಿಗೆ ಹಾಕಿ ಗಿಡ ಎದ್ದದ್ದನ್ನು ನಾನು ಕಂಡಿಲ್ಲ.

ಫ್ಲೋರಿಡಾ_ಗೌಡ:
ಇನ್ನೊಂದು ಮಾತು. ಇಲ್ಲಿ ಕಾಡು ಮೆಣಸಿನಕಾಯಿಯ ಒಂದು ಜೀನ್, ಬಿಎಸ್ 2 ಅಂತ, ಟೊಮೆಟೊಗೆ ಸೇರಿಸಿ ಎಲೆ ಚುಕ್ಕೆ ತಡೆದು ತೋರಿಸಿದ್ದಾರೆ. ಹೊಲದ ಪ್ರಯೋಗದಲ್ಲಿ ಚೆನ್ನಾಗಿ ನಿಂತಿತು. 2010ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಸೈನ್ಸ್‌ಬರಿ ಪ್ರಯೋಗಾಲಯದವರು ಸಾಸಿವೆ ಜಾತಿಯ ಒಂದು ಕಳೆಯಿಂದ ಇಎಫ್‌ಆರ್ ಜೀನ್ ತಂದು ಟೊಮೆಟೊಗೆ ಹಾಕಿದರು. ದುಂಡಾಣುವಿನ ಮೈಯ ಒಂದು ಪ್ರೋಟೀನನ್ನು ಗುರುತು ಹಿಡಿಯುವ ಜೀನ್ ಅದು, ರಾಲ್‌ಸ್ಟೋನಿಯಾ ಮೇಲೂ ಕೆಲಸ ಮಾಡಿತು. ಆದರೆ ಅವು ಕುಲಾಂತರಿ. ಅಂಥ ಟೊಮೆಟೊ ತಿನ್ನಲು ಜನ ಒಪ್ಪಬೇಕಲ್ಲ, ಅಲ್ಲೇ ನಿಂತಿದೆ ಬಂಡಿ.

ಚಿಂತಾಮಣಿ_ತೋಟ:
ಎಲ್ಲರಿಗೂ ಧನ್ಯವಾದ. ಬಾಟಲಿ ವಾಪಸ್ ಕೊಟ್ಟೆ, ಮುಖ ಗಂಟು ಹಾಕಿಕೊಂಡು ಅರ್ಧ ದುಡ್ಡು ಮಾತ್ರ ಕೊಟ್ಟರು. ರೋಗದ ಸಾಲುಗಳ ಡ್ರಿಪ್ ವಾಲ್ವ್ ಬೇರೆ ಮಾಡಿದ್ದೇನೆ. ಮಾಲೀಕರ ಜೊತೆ ಮಾತಾಡಿ, ಈ ಬೆಳೆ ಆದ ಮೇಲೆ ಅರ್ಧ ಎಕರೆಗೆ ಮುಸುಕಿನ ಜೋಳ, ಸುತ್ತ ಚೆಂಡು ಹೂ ಹಾಕುತ್ತೇನೆ. ಉಳಿದಿದ್ದಕ್ಕೆ ಒಂದು ಭಾಗ ರಕ್ಷಕ್, ಒಂದು ಭಾಗ ಕಸಿ ಸಸಿ. ಮಡಿಗೆ ಸ್ಯೂಡೊಮೊನಾಸ್ ಗೊಬ್ಬರ. ಕಸಿ ಸಸಿಯನ್ನು ಜಂತುಹುಳ ಇರುವ ಕಡೆಯೇ ನೆಡಲಾ?

ಸಸಿಮನೆ:
ಸುಂಡೆ ಬೇರಿನದಾದರೆ ನೆಡಿ, ಅದು ಜಂತುಹುಳವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಬದನೆ ಬೇರಿನದಾದರೆ ಜಂತುಹುಳ ಕಡಿಮೆ ಇರುವ ಕಡೆ. ಹೇಗಿದ್ದರೂ ಈಗಲೇ ಹೇಳಿಬಿಡಿ, ಬೀಜ ತರಿಸಿ ಬಿತ್ತಬೇಕು.

ಬೇರು_ಬಂಧು:
ಚೆಂಡು ಹೂವನ್ನು ಬದುವಿಗೆ ಮಾತ್ರ ಹಾಕಬೇಡಿ. ಜಂತುಹುಳಕ್ಕೆ ಹೂವಿನ ವಾಸನೆ ಲೆಕ್ಕಕ್ಕಿಲ್ಲ, ಬೇರು ಆ ಮಣ್ಣಿನಲ್ಲಿ ಇಳಿಯಬೇಕು. ಗಂಟು ಕಂಡ ಸಾಲುಗಳಲ್ಲೇ ಒತ್ತಾಗಿ ಒಂದು ಬೆಳೆ ತೆಗೆಯಿರಿ. ಹೂವಿಗೆ ಮಾರ್ಕೆಟ್ಟೂ ಇದೆ. ಆ ಸಾಲಿನ ಹಳೇ ಟೊಮೆಟೊ ಬೇರು ಒಂದೂ ಉಳಿಯದಂತೆ ಮೊದಲು ಕಿತ್ತಿರಬೇಕು.